ಒಂದೇ ಹೆಸರಿನ ಎರಡು ಟೀವಿ

ಜನವರಿ ೨, ಗುರುವಾರ

ಈ ಡೈರಿ ನನ್ನ ಮೊಮ್ಮಗಳು ಪ್ರಿಯದರ್ಶಿನಿಗೆ ಅವಳು ಕಲಿಸುವ ಶಾಲೆಯಲ್ಲಿ ಕೊಟ್ಟದ್ದು. ಅವಳಿಗೆ ಎಲ್ಲವನ್ನೂ ಫೋನಿನಲ್ಲಿ ಬರೆದಿಡುವ ರೂಢಿ. ಇದನ್ನು ಚಹಾಪುಡಿ ಡಬ್ಬಿಯ ಕೆಳಗೆ ಹಾಸಿದ್ದಳು. ನಾನು ಎತ್ತಿಕೊಂಡೆ. ನಾಲ್ಕನೇ ಇಯತ್ತೆಯವರೆಗೆ ಕಲಿತವಳು ನಾನು. ಅಕ್ಷರ ಕೋಳಿ ಕೆದರಿದ ಹಾಗಿದ್ದರೂ ನನ್ನವೇ.

ಬರೆಯುವುದಕ್ಕೆ ಕಾರಣವಿದೆ. ಇವತ್ತು ಮನೆಗೆ ಬಂದ ಟೀವಿ ಮಾತು ಕೇಳಿಸಿಕೊಳ್ಳುತ್ತದೆಯಂತೆ. ತಂದುಕೊಟ್ಟವನೇ ಹೇಳಿದ, ಅದೂ ಹೆಮ್ಮೆಯಿಂದ. ಕೇಳಿಸಿಕೊಳ್ಳುವ ಸಾಮಾನನ್ನು ಪಡಸಾಲೆಯಲ್ಲಿ ತೂಗುಹಾಕಿದ ಮೇಲೆ ಮನಸ್ಸಿನ ಮಾತನ್ನು ಹಾಳೆಯ ಮೇಲೆ ಇಡುವುದೇ ಒಳ್ಳೆಯದು. ಹಾಳೆಗೆ ಕಿವಿ ಇಲ್ಲ.

ಟೀವಿ ಏನು, ಯಾರದೋ ಮನೆಯ ಬಾಗಿಲು ಕಿತ್ತು ಗೋಡೆಗೆ ಅಡ್ಡ ಹೊಡೆದಂತಿದೆ. ಐವತ್ತೈದು ಇಂಚು. ನಮ್ಮ ಬಾಗಲಕೋಟೆ ನವನಗರದ ಮನೆಯ ಪಡಸಾಲೆಯಲ್ಲಿ ನಾನು ಕುಳಿತರೆ ನನಗೂ ಅದಕ್ಕೂ ನಡುವೆ ಎರಡು ಮಾರು ಜಾಗವಿಲ್ಲ. ಅದಕ್ಕೆ ಗೋಡೆ ಬಿಡಿಸಲು ನಮ್ಮ ಯಜಮಾನರ ಫೋಟೋ ಇಳಿಸಿ ಫ್ರಿಜ್ಜಿನ ಮೇಲೆ ಒರಗಿಸಿದ್ದಾರೆ.

"ಗುರ್ಯಾ, ನಿಮ್ಮಪ್ಪಗ ತಂಪು ಆಗಿ ಬರತಿದ್ದಿಲ್ಲ, ನೆನಪೈತಿ ಇಲ್ಲೋ?" ಎಂದು ಮಗನನ್ನು ಕೇಳಿದೆ.

"ಅವ್ವಾ, ರವಿವಾರ ಹುನಗುಂದದವರು ಬರೋರದಾರ. ಮನಿ ಒಂದೀಟು ಚಂದ ಕಾಣಬೇಕಲ್ಲ. ಫೋಟೋಕ್ಕ ಬ್ಯಾರೆ ಗ್ವಾಡಿಗೆ ಮಳಿ ಹೊಡೀತೇನಿ ತಡಿ," ಎಂದ ಗುರಲಿಂಗಪ್ಪ.

ಹುನಗುಂದದವರೆಂದರೆ ಪ್ರಿಯದರ್ಶಿನಿಯನ್ನು ನೋಡಲು ಬರುವವರು. ಹುಡುಗನ ಹೆಸರು ದೀಪಕ, ಪಶು ದವಾಖಾನೆಯಲ್ಲಿ ನೌಕರಿ. ನಮ್ಮ ಹಾಗೇ ಬೀರಪ್ಪನ ಒಕ್ಕಲು. ತಂದೆ ಇಲ್ಲ. ಮನೆಯಲ್ಲಿ ತಾಯಿ ಮಗ ಇಬ್ಬರೇ ಎಂದು ಹೇಳಿದ್ದಾರೆ. ಹೇಳಿದ್ದಾರೆ ಎಂದಷ್ಟೇ ಬರೆಯುತ್ತೇನೆ.

ನನ್ನ ಮಗಳು ಇಂದ್ರವ್ವನ ಸಂಬಂಧ ಬಂದಾಗಲೂ ಹೀಗೇ ಹೇಳಿದ್ದರು. ಲಗ್ನವಾಗಿ ಎಂಟು ತಿಂಗಳಿಗೆ ಗಂಡನ ಮೊದಲನೇ ಹೆಂಡತಿ ಐದು ವರ್ಷದ ಮಗುವಿನ ಕೈ ಹಿಡಿದು ಅಂಗಳದಲ್ಲಿ ಬಂದು ನಿಂತಳು. ಆ ಮನೆತನ ನೋಡಿ ಬರಲು ಹೋದವಳು ನಾನೇ. ಕೊಟ್ಟ ಸಜ್ಜಕ ತಿಂದು, ಕೊಟ್ಟಿಗೆಯ ದನ ನೋಡಿ, ಹೌದು ಎಂದು ಬಂದವಳು ನಾನೇ. ಇಂದ್ರವ್ವ ಇಪ್ಪತ್ತೆರಡು ವರ್ಷದಿಂದ ಇಳಕಲ್ಲಿನಲ್ಲಿ ಒಬ್ಬಳೇ ಇದ್ದಾಳೆ, ಸೀರೆ ಅಂಗಡಿಯಲ್ಲಿ ಕೆಲಸ. ನನ್ನನ್ನು ಒಂದು ದಿನವೂ ಬೈದಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಈ ಸಲ ಹೌದು ಎನ್ನುವ ಮೊದಲು ಪಾತ್ರೆಯ ತಳ ತಿರುವಿ ನೋಡುತ್ತೇನೆ.

ಜನವರಿ ೫, ರವಿವಾರ

ಬಂದರು, ಹೋದರು. ಹುಡುಗಿ ನೋಡಲು ಬಂದವ ಟೀವಿ ನೋಡಿ ಹೋದ.

ಅಂಗಡಿಯ ಜಲಾಲುದ್ದೀನ ಅದನ್ನು ಗೋಡೆಗೆ ಬಿಗಿದು ಹೋಗಿದ್ದನೇ ಹೊರತು ಅದು ಇನ್ನೂ ನಡೆದಿರಲಿಲ್ಲ. ಹಚ್ಚಿದರೆ ಸಾಕು, ನೀ ಯಾರು, ನಿನ್ನ ಇಮೇಲು ಯಾವುದು, ಪಾಸ್‌ವರ್ಡ್ ಏನು ಎಂದು ಪೊಲೀಸರ ಹಾಗೆ ಕೇಳುತ್ತಿತ್ತು. ಗುರಲಿಂಗಪ್ಪ ಇಪ್ಪತ್ತೆಂಟು ವರ್ಷ ಸರ್ಕಾರಿ ಫೈಲು ಹೊತ್ತವನು, ಸ್ವಂತ ಪಾಸ್‌ವರ್ಡನ್ನು ಮೂರು ಸಲ ತಪ್ಪು ಹೊಡೆದ. ಟೀವಿ ಮುನಿಸಿಕೊಂಡು ಬಾಗಿಲು ಹಾಕಿಕೊಂಡಿತು. ಪ್ರಿಯದರ್ಶಿನಿ ಒಳಗೆ ಸೀರೆ ಉಡುತ್ತಿದ್ದಳು, ಹೊರಗೆ ಬರುವಂತಿಲ್ಲ. ಬೀಗರಾಗುವವರು ಬಂದು ಕುಳಿತಾಗ ಅದು ಗೋಡೆಯ ಮೇಲಿನ ದೊಡ್ಡ ರೊಟ್ಟಿ ಹಂಚು.

"ಕೊಡ್ರಿ ಮಾವಾರ, ನಾ ಮಾಡ್ತೇನಿ," ಎಂದು ದೀಪಕ ಎದ್ದ.

ಇನ್ನೂ ಏನೂ ಆಗಿಲ್ಲ, ಮಾವನವರಂತೆ. ತನ್ನ ಫೋನು ತೆಗೆದು ಏನೋ ತಿಕ್ಕಿದ. ಟೀವಿ ಹಲ್ಲು ಕಿಸಿಯಿತು.

"ಸದ್ಯಕ್ಕ ನನ್ನ ಹೆಸರ ಹಾಕೇನ್ರಿ. ಆಮ್ಯಾಲೆ ಬೇಕಾದ್ರ ನಿಮ್ಮದು ಹಾಕ್ಕೊಳ್ರಿ."

ಅಂದರೆ ನೋಡಿ, ಹುಡುಗಿಗೆ ತಾಳಿ ಕಟ್ಟುವ ಮೊದಲು ಟೀವಿಗೆ ಹೆಸರು ಕಟ್ಟಿದ. ಗುರಲಿಂಗಪ್ಪನ ಮುಖ ಹಬ್ಬದ ದಿನದ ಹಾಗೆ ಆಗಿತ್ತು. ಸೊಸೆ ರೋಹಿಣಿ ಚಹಾಕ್ಕೆ ಎರಡನೇ ಸಲ ಸಕ್ಕರೆ ಹಾಕಿದಳು. ಇಷ್ಟು ಚುರುಕಾದವರ ಮೇಲೆ ನನಗೆ ನಂಬಿಕೆಯಿಲ್ಲ.

ಹುಡುಗನ ತಾಯಿ ಹುಚ್ಚವ್ವ ಬಹಳ ಕಡಿಮೆ ಮಾತಿನವಳು. ಐವತ್ತೈದರ ಮೇಲಿದ್ದಾಳೆ. ಪ್ರಿಯದರ್ಶಿನಿ, "ನಾ ಎರಡನೇ ಇಯತ್ತೆಗೆ ಕನ್ನಡ ಕಲಸ್ತೇನ್ರಿ," ಎಂದಾಗ ಆಕೆ ತನ್ನ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ನಾನು ನೋಡಿದೆ. ಕೈಗೆ ಏನಾಗಿದೆ? ಎಲ್ಲರ ಎದುರು ಮುಚ್ಚಿಕೊಳ್ಳುವಂಥದ್ದು ಏನು?

ಜೊತೆಗೆ ಬಂದಿದ್ದ ಆಕೆಯ ಮೈದುನ ಪಾಂಡಪ್ಪನೇ ಎಲ್ಲ ಮಾತಾಡಿದ. ಫೆಬ್ರವರಿ ಒಂಬತ್ತಕ್ಕೆ ಯಾದಿ ಇಟ್ಟುಕೊಳ್ಳೋಣ ಎಂದ. ಎರಡೂ ಕಡೆಯ ಹಿರಿಯರು ಕೂತು ಲಗ್ನದ ಮಾತುಗಳನ್ನೆಲ್ಲ ಕಾಗದದ ಮೇಲೆ ಬರೆದು ಸಹಿ ಹಾಕಿದರೆ ಆಯಿತು, ಆಮೇಲೆ ಹಿಂದೆ ಸರಿಯುವ ಹಾಗಿಲ್ಲ. ಗುರಲಿಂಗಪ್ಪ ನನ್ನ ಕಡೆ ನೋಡಿದ.

"ಅವ್ವ ಹೂಂ ಅಂದ್ರ ಆತ್ರಿ."

ನಾನು ಹೂಂ ಅನ್ನಲಿಲ್ಲ. ಊಹೂಂ ಅಂತಲೂ ಅನ್ನಲಿಲ್ಲ. ಅಡಿಕೆ ಕತ್ತರಿಸಿದೆ.

ಜನವರಿ ೭, ಮಂಗಳವಾರ

ಹಳೆಯ ಟೀವಿಗೆ ರಿಮೋಟಿನಲ್ಲಿ ನಲವತ್ತು ಗುಂಡಿ ಇದ್ದವು, ನನಗೆ ಬೇಕಾದದ್ದು ಎರಡು. ಇದಕ್ಕೆ ಇರುವುದೇ ಎಂಟು ಗುಂಡಿ, ಅದರಲ್ಲಿ ನನಗೆ ಬೇಕಾದದ್ದು ಒಂದೂ ಇಲ್ಲ. ಧಾರಾವಾಹಿ ಹಚ್ಚಲು ಹೋದರೆ ಅಡುಗೆ ಬರುತ್ತದೆ. ಅಡುಗೆ ನೋಡೋಣವೆಂದರೆ ಮಧ್ಯದಲ್ಲಿ ಒಬ್ಬ ಬಂದು ಹಲ್ಲುಪುಡಿ ಮಾರುತ್ತಾನೆ. ಸೊಸೆಗೆ ಅತ್ತೆ ಹೊಡೆಯಲು ಕೈ ಎತ್ತಿದಾಗ ಅಲ್ಲೇ ನಿಂತು ಬಿಳಿ ಬಳೆ ಗರಗರ ತಿರುಗುತ್ತದೆ. ಎತ್ತಿದ ಕೈ ಎತ್ತಿದ ಹಾಗೆ, ರೋಹಿಣಿ ರೊಟ್ಟಿ ತಟ್ಟಿ ಮುಗಿಸುವ ತನಕ.

ಮಾತಾಡಿದರೆ ಹುಡುಕಿಕೊಡುತ್ತದೆ ಎಂದರು. ನಾನು ನನ್ನ ಮಾತಿನಲ್ಲಿ ಕೇಳಿದರೆ ಅದಕ್ಕೆ ತಿಳಿಯುವುದೇ ಇಲ್ಲ. ಬೆಂಗಳೂರಿನವರ ಹಾಗೆ ಬಾಯಿ ಮಡಚಿ ಕೇಳಬೇಕು. ಆಗ ನಾನು ಆಡಿದ್ದು ಅಕ್ಷರವಾಗಿ ಮೇಲೆ ಮೂಡುತ್ತದೆ. ಸ್ವಂತ ಮನೆಯಲ್ಲಿ ಕೂತು ಪರ ಊರಿನವಳ ಹಾಗೆ ಮಾತಾಡುವ ಕಾಲ ಬಂತು.

ಸಂಜೆ ಸ್ವಲ್ಪ ಜೊಂಪು ಹತ್ತಿತ್ತು. ಕಣ್ಣು ತೆರೆದರೆ ಅದು ಕೇಳುತ್ತಿದೆ: ಇನ್ನೂ ನೋಡುತ್ತಿದ್ದೀರಾ? ನನ್ನ ಮನೆ, ನನ್ನ ಕಣ್ಣು. ನಾನು ನೋಡಿದರೆ ಇದಕ್ಕೇನು, ಬಿಟ್ಟರೆ ಇದಕ್ಕೇನು? ಅಂದರೆ ಅದು ನನ್ನನ್ನು ನೋಡುತ್ತಿತ್ತು ಎಂದಾಯಿತಲ್ಲ.

ಟೀವಿಯ ಮೇಲೆ ಹಳೇ ಟವೆಲು ಹೊದಿಸಿದ್ದೇನೆ.

ಜನವರಿ ೯, ಗುರುವಾರ

ಸಿಕ್ಕಿತು!

ಬೆಳಿಗ್ಗೆ ಟವೆಲು ತೆಗೆದು ಹಚ್ಚಿದರೆ ಮೊದಲ ಸಾಲಿನಲ್ಲೇ ಮಕ್ಕಳ ಪಾಠ. ಆನೆಯೊಂದು ಕುಣಿಯುತ್ತ ಅ ಆ ಇ ಈ ಹೇಳಿಕೊಡುತ್ತದೆ. ಕೆಳಗೆ ಕೆಂಪು ಗೆರೆ, ಅರ್ಧ ನೋಡಿ ಬಿಟ್ಟ ಗುರುತು. ನಮ್ಮ ಮನೆಯಲ್ಲಿ ಅ ಆ ಕಲಿಯುವವರು ಯಾರಿದ್ದಾರೆ? ರೋಹಿಣಿಯನ್ನು ಕೇಳಿದೆ.

"ನನಗ್ಯಾಕ ಬೇಕ್ರಿ ಅತ್ತ್ಯಾರ ಅ ಆ ಇ ಈ? ನಾ ಬಿ.ಎ. ಮುಗಿಸೇನಿ."

ಕೇಳಿದ್ದು ಒಂದು, ಬಿ.ಎ. ಮಾತು ಇನ್ನೊಂದು. ಇರಲಿ. ಶಾಲೆಯಿಂದ ಬಂದ ಪ್ರಿಯದರ್ಶಿನಿ ನೋಡಿ ನಕ್ಕಳು.

"ಆಯಿ, ಇದು ಅವರ ಮನ್ಯಾಗ ನೋಡಿದ್ದು. ಅವರ ಟೀವಿ, ನಮ್ಮ ಟೀವಿ ಎರಡೂ ದೀಪಕ ಅವರ ಹೆಸರಿನ್ಯಾಗ ಅದಾವಲ್ಲ. ಅಲ್ಲಿ ನೋಡಿದ್ದು ಇಲ್ಲಿ ಬರ್ತೈತಿ. ತಡಿ, ನನ್ನ ಹೆಸರ ಹಾಕಿ ಅವರದು ತಗೀತೇನಿ."

"ಮುಟ್ಟಬ್ಯಾಡ!" ಎಂದೆ. ನಾನು ಕೂಗಿದ ಜೋರಿಗೆ ಅವಳು ರಿಮೋಟು ಕೆಳಗಿಟ್ಟಳು. ಅವಳಿಗೂ ಆ ಹೆಸರು ತೆಗೆಯುವ ಅವಸರವೇನೂ ಇದ್ದಂತೆ ಕಾಣಲಿಲ್ಲ. ಟೀವಿಯ ಮೂಲೆಯ ಗುಂಡನೆಯ ಬಿಲ್ಲೆಯಲ್ಲಿ ಇರುವ ಅವನ ಮುಖವನ್ನು ಹೋಗುತ್ತ ಬರುತ್ತ ನೋಡುತ್ತಾಳೆ.

ಹಿಂದೆ ಮನೆತನ ನೋಡಬೇಕಾದರೆ ಬಸ್ಸು ಹತ್ತಿ ಹೋಗಿ, ನೀರು ಕೇಳುವ ನೆವದಲ್ಲಿ ಅಡುಗೆಮನೆಗೆ ಇಣುಕಬೇಕಿತ್ತು. ಈಗ ಬೀರಪ್ಪ ನನ್ನ ಪಡಸಾಲೆಯ ಗೋಡೆಯಲ್ಲೇ ಅವರ ಮನೆಗೆ ಕಿಂಡಿ ಕೊರೆದುಕೊಟ್ಟಿದ್ದಾನೆ.

ತಾಯಿ ಮಗ ಇಬ್ಬರೇ ಇರುವ ಮನೆಯಲ್ಲಿ ಅ ಆ ಇ ಈ ಕಲಿಯುವ ಕೂಸು ಯಾವುದು?

ಜನವರಿ ೧೦, ಶುಕ್ರವಾರ

ಇವತ್ತು ಉ ಊ ಋ. ಬೆಳಿಗ್ಗೆ ಹತ್ತಕ್ಕೆ ನೋಡಿದಾಗ ಇರಲಿಲ್ಲ, ಹನ್ನೆರಡಕ್ಕೆ ಇತ್ತು. ಹುಡುಗ ದವಾಖಾನೆಗೆ ಹೋದ ಮೇಲೆ ಕೂಸನ್ನು ಟೀವಿ ಮುಂದೆ ಕೂಡಿಸುತ್ತಾರೆ.

ಏನು ಕೇಳಿದರೂ ಹೇಳುತ್ತದೆ ಎಂದರಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಗುಂಡಿ ಒತ್ತಿ, ಬಾಯಿ ಮಡಚಿ, ನೆಟ್ಟಗೆ ಕೇಳಿಯೇಬಿಟ್ಟೆ: "ಹುನಗುಂದದ ದೀಪಕನಿಗೆ ಮೊದಲನೇ ಹೆಂಡತಿ ಇದ್ದಾಳಾ?"

ಅದು ಯಾವನದೋ ಮದುವೆಯ ಬ್ಯಾಂಡು ಬಾಜಾ ತೋರಿಸಿತು. ನಿಷ್ಪ್ರಯೋಜಕ.

ಜನವರಿ ೧೪, ಮಂಗಳವಾರ, ಸಂಕ್ರಮಣ

ಎಳ್ಳು ಅರಿಷಿಣ ಹಚ್ಚಿಕೊಂಡು ಹೊಳೆಯ ಸ್ನಾನಕ್ಕೆ ಕೂಡಲಸಂಗಮಕ್ಕೆ ಹೋಗಿದ್ದೆವು. ಹುನಗುಂದದವರಿಗೂ ಬರಲು ಹೇಳಿದ್ದೆ. ಹೇಳಿದ್ದು ನಾನೇ, ಕೆಲಸವಿತ್ತು.

ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಬಿಚ್ಚಿ ಕುಳಿತೆವು. ಹುಡುಗ ಹುಡುಗಿ ನೀರಿನ ಅಂಚಿಗೆ ಹೋದರು, ಮಾತಾಡಲಿ ಬಿಡು ಎಂದೆ. ಹುಚ್ಚವ್ವನ ಪಕ್ಕಕ್ಕೆ ಸರಿದು ಶುರುಮಾಡಿದೆ.

"ಮನಿ ಭಾಳ ಬಿಕೋ ಅಂತಿರಬೇಕಲ್ರಿ ನಿಮಗ, ದೀಪಕ ಡ್ಯೂಟಿಗೆ ಹೋದ ಮ್ಯಾಲೆ?"

"ಹೌದ್ರಿ. ಎರಡ ಆಡು ಅದಾವು, ಅವುಗಳ ಕೂಡ ಮಾತಾಡ್ತೇನಿ."

"ಸಣ್ಣ ಹುಡುಗರು ಪಡುಗರು ಯಾರರ ಬರ್ತಾರೇನ್ರಿ, ಟೀವಿ ಗೀವಿ ನೋಡಾಕ?"

ಆಕೆಯ ಕೈಯಲ್ಲಿದ್ದ ಹೋಳಿಗೆ ನಿಂತಿತು. "ಟೀವಿನಾ? ಇಲ್ಲಲ್ರಿ. ಯಾರೂ ಬರೂದಿಲ್ಲ. ನಾನೂ ನೋಡೂದಿಲ್ರಿ."

ಸುಳ್ಳು! ನೀರಿನ ದಂಡೆಯಲ್ಲಿ, ಸಂಕ್ರಮಣದ ದಿನ, ಬಾಯಲ್ಲಿ ಹೋಳಿಗೆ ಇಟ್ಟುಕೊಂಡು. ಮುಖ ಕೆಂಪಾಗಿತ್ತು. ಇಂದ್ರವ್ವನ ಅತ್ತೆಯ ಮುಖ ಕೆಂಪಾಗಿರಲಿಲ್ಲ, ಅದಕ್ಕೇ ನಾನು ಮೋಸ ಹೋದದ್ದು. ಈಕೆ ಸುಳ್ಳಿಗೆ ಹೊಸಬಳು.

ಇನ್ನೊಂದು. ವಾಪಸು ಬರುವಾಗ ಚಪ್ಪಲಿ ಬಿಡುವ ಕಡೆ ಒಂದು ಬೋರ್ಡು ಇತ್ತು. ಹುಚ್ಚವ್ವ ಅದರ ಮುಂದೆ ನಿಂತು ತುಟಿ ಅಲ್ಲಾಡಿಸುತ್ತಿದ್ದಳು, ಸದ್ದಿಲ್ಲದೆ, ಬಹಳ ಹೊತ್ತು. ನಾನು ಹತ್ತಿರ ಹೋದ ಕೂಡಲೇ ಬಿಟ್ಟುಬಿಟ್ಟಳು. ಏನು ಮಂತ್ರ ಹಾಕುತ್ತಿದ್ದಳೋ. ನನ್ನ ಚಪ್ಪಲಿಯನ್ನು ಎರಡು ಸಲ ಒದರಿ ಹಾಕಿಕೊಂಡೆ.

ಜನವರಿ ೧೮, ಶನಿವಾರ

ಟೀವಿಯಲ್ಲಿ ಈಗ ಕ ಖ ಗ ಘ. ಕೂಸು ಚುರುಕಾಗಿದೆ, ಆ ಮಾತು ಬೇರೆ.

ಬಾಜೂ ಮನೆಯ ರಂಗವ್ವನಿಗೆ ಹೇಳಿದೆ. ಹೇಳಬಾರದಿತ್ತು. ಅವಳು ಗಲ್ಲಕ್ಕೆ ಕೈಯಿಟ್ಟು, "ಯವ್ವಾ, ಹಂಗಾರ ಕೂಸಿನ ತಾಯಿ ಎಲ್ಲೆ ಇಟ್ಟಾರ?" ಎಂದಳು. ಊಟದ ಹೊತ್ತಿಗೆ ಎಲ್ಲರ ಮುಂದೆ ಹೇಳಿಬಿಟ್ಟೆ.

"ಗುರ್ಯಾ, ಯಾದಿ ನಿಲ್ಲಸು. ಆ ಮನ್ಯಾಗ ಮುಚ್ಚಿಟ್ಟ ಕೂಸೈತಿ."

"ಟೀವಿ ಹೇಳ್ತೇನವ್ವಾ ನಿನಗ?"

"ಹೌದು, ಟೀವೀನ ಹೇಳ್ತು. ನೀ ತಂದ ಟೀವಿ."

ಪ್ರಿಯದರ್ಶಿನಿ ಕೈ ತೊಳೆದುಕೊಂಡಳು, ಅನ್ನ ಹಾಗೇ ಇತ್ತು. "ನಾ ಈಗ ಫೋನ್ ಮಾಡಿ ಕೇಳ್ತೇನಿ."

"ಕೇಳಿದ್ರ ಇನ್ನೂ ಚಲೋತ್ನಾಗಿ ಮುಚ್ಚತಾರ. ಕೇಳಬ್ಯಾಡ."

"ಹಂಗಾರ ಏನ್ ಮಾಡ್ಲಿ ಆಯಿ? ಇಂದ್ರವ್ವತ್ತಿಗೆ ಆದದ್ದಕ್ಕ ನನಗ ಶಿಕ್ಷಾ ಕೊಡಾಕತ್ತೀಯೇನು?"

ಗುರಲಿಂಗಪ್ಪ ತಾಟಿನಲ್ಲಿ ಬೆರಳು ತಿರುಗಿಸುತ್ತ, "ಒಂಬತ್ತನೇ ತಾರೀಖಿನ ತನಕ ಟೈಮೈತಿ. ಅಷ್ಟರಾಗ ಹೂಂ ಅನ್ನು, ಇಲ್ಲಾ ಬ್ಯಾಡ ಅನ್ನು. ನೀ ಬ್ಯಾಡ ಅಂದ್ರ ಬ್ಯಾಡ," ಎಂದ. ತಂದೆಯ ಹಾಗೇ, ಮೆತ್ತಗೆ. ಅದೇ ಭಾರ.

ಇಂದ್ರವ್ವನಿಗೆ ಫೋನು ಮಾಡಿದೆ. "ನನಗ ಆದದ್ದು ಎಲ್ಲಾರಿಗೂ ಆಗೂದಿಲ್ಲಬೇ," ಎಂದಳು. ಫೋನು ಇಡುವ ಮೊದಲು, "ಆದ್ರೂ ನೋಡು," ಎಂದಳು.

ಜನವರಿ ೨೨, ಬುಧವಾರ

ಟೀವಿ ತಾನೇ ತನ್ನನ್ನು ಹೊಸದು ಮಾಡಿಕೊಳ್ಳುತ್ತದೆಯಂತೆ, ತಡೆಯಿರಿ ಎಂದು ಬರೆದುಕೊಂಡು ಮಧ್ಯಾಹ್ನವೆಲ್ಲ ಕೂತಿತು. ಪ್ರಿಯದರ್ಶಿನಿ ಮಾತು ಬಿಟ್ಟು ನಾಲ್ಕು ದಿನ.

ಜನವರಿ ೨೮, ಮಂಗಳವಾರ

ಎಲ್ಲಿಂದ ಬರೆಯಲಿ.

ಹೊಸದಾದ ಟೀವಿಯಲ್ಲಿ ಎಲ್ಲದರ ಜಾಗ ಬದಲಾಗಿದೆ. ಧಾರಾವಾಹಿ ಹುಡುಕುತ್ತ ಭೂತಗನ್ನಡಿಯ ಗುರುತು ಒತ್ತಿದೆ. ಒಂದು ಪಟ್ಟಿ ತೆರೆಯಿತು. ಇತ್ತೀಚೆಗೆ ಹುಡುಕಿದ್ದು ಎಂದು ತಲೆಯ ಮೇಲೆ ಬರೆದಿತ್ತು. ಕನ್ನಡಕ ಒರೆಸಿ ಓದಿದೆ.

ಹ ಅಕ್ಷರ ಬರೆಯುವುದು.
ಚ ಗೆ ಒತ್ತು ಕೊಡುವುದು.
ಹುಚ್ಚವ್ವ ಅಂತ ಬರೆಯುವುದು ಹೇಗೆ.
ಯಾದಿಗೆ ಸಹಿ ಮಾಡುವುದು ಹೇಗೆ.

ಕೂಸೂ ಇಲ್ಲ, ಕೂಸಿನ ತಾಯಿಯೂ ಇಲ್ಲ. ಮಗ ಡ್ಯೂಟಿಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು, ಕುಣಿಯುವ ಆನೆಯ ಮುಂದೆ ಕೂತು, ಗುಂಡಿ ಒತ್ತಿ ಬಾಯಿಂದ ಕೇಳುತ್ತ, ಆಕೆ. ಚಪ್ಪಲಿಯ ಬೋರ್ಡಿನ ಮುಂದೆ ಆಡಿಸಿದ ತುಟಿ. ಶಾಲೆ ಕಲಿಸುವ ಸೊಸೆಯ ಮುಂದೆ ಸೆರಗಿನೊಳಗೆ ಎಳೆದುಕೊಂಡ ಕೈ.

ಫ್ರಿಜ್ಜಿನ ಮೇಲಿನ ಫೋಟೋ ನೋಡಿದೆ. ಹಳೇ ಬಾಗಲಕೋಟೆಯ ನಮ್ಮ ಮನೆ ಡ್ಯಾಮಿನ ನೀರಿಗೆ ಹೋಗುವ ಮೊದಲು ಪರಿಹಾರದ ಕಾಗದ ಮಾಡಿಸುವಾಗ ಒಬ್ಬ ಗುಮಾಸ್ತ ಇವರ ಹೆಬ್ಬೆರಳನ್ನು ತಾನೇ ಹಿಡಿದು, ಮಸಿಗೆ ಅದ್ದಿ, ಒತ್ತಿ, ಬಿಟ್ಟ. ಮುಖ ಎತ್ತಿ ನೋಡಲೂ ಇಲ್ಲ. ಮುನ್ನೂರು ಕುರಿಗಳನ್ನು ಮುಖ ನೋಡಿ ಗುರುತಿಸುತ್ತಿದ್ದ ಮನುಷ್ಯ. ಮನೆಗೆ ಬರುವ ದಾರಿಯುದ್ದಕ್ಕೂ ಹೆಬ್ಬೆರಳನ್ನು ಪರರ ಗೋಡೆಗಳಿಗೆ ತಿಕ್ಕುತ್ತ ಬಂದರು. ನಾನು ಪಕ್ಕದಲ್ಲೇ ನನ್ನ ಹೆಸರು ಬರೆದು, ಎಲ್ಲರೂ ನೋಡಲಿ ಎಂದು ನಿಂತಿದ್ದೆ. ಮನೆಯಲ್ಲಿ ಬಂದು ಒಂದು ಮಾತೂ ಅಂದಿದ್ದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಸಂಜೆ ಗುರಲಿಂಗಪ್ಪನಿಗೆ ಹೇಳಿದೆ: "ಯಾದಿ ಮಾಡ್ರಿ."

"ಮತ್ತ ಆ ಕೂಸು?"

"ನನ್ನ ಚಸ್ಮಾ ಸರಿ ಇದ್ದಿಲ್ಲ."

ಮತ್ತೇನೂ ಹೇಳಲಿಲ್ಲ. ಆಕೆ ಮಗನಿಗೇ ಹೇಳದ್ದನ್ನು ನಾನ್ಯಾಕೆ ಊರಿಗೆ ಹೇಳಲಿ. ಪ್ರಿಯದರ್ಶಿನಿ ಬಂದು ನನ್ನ ಹೆಗಲ ಮೇಲೆ ಗಲ್ಲವಿಟ್ಟು ನಿಂತಳು. ಭಾರ, ಆ ಹುಡುಗಿ.

ಜನವರಿ ೨೯, ಬುಧವಾರ

ಕೆಟ್ಟಿತು.

ಆ ಪಟ್ಟಿಯನ್ನು ಇವತ್ತು ಮತ್ತೆ ತೆಗೆದೆ. ನಿನ್ನೆ ಖುಷಿಯಲ್ಲಿ ಕೊನೆಯವರೆಗೆ ಓದಿರಲಿಲ್ಲ. ಎಲ್ಲದರ ಕೆಳಗೆ, ದಪ್ಪ ಅಕ್ಷರದಲ್ಲಿ:

ಹುನಗುಂದದ ದೀಪಕನಿಗೆ ಮೊದಲನೇ ಹೆಂಡತಿ ಇದ್ದಾಳಾ.

ಅಲ್ಲಿಯದು ಇಲ್ಲಿ ಬಂದರೆ ಇಲ್ಲಿಯದು ಅಲ್ಲಿ ಹೋಗುವುದಿಲ್ಲವೇ? ಕಿಂಡಿ ಎಂದು ಬರೆದೆನಲ್ಲ ಆವತ್ತು. ಕಿಂಡಿಗೆ ಎರಡು ಬದಿ ಇರುತ್ತವೆ ಎಂದು ಹೊಳೆಯಲಿಲ್ಲ. ಹತ್ತೊಂಬತ್ತು ದಿನದಿಂದ ನನ್ನ ಮಾತು ಅವರ ಪಡಸಾಲೆಯಲ್ಲಿ ಕೂತಿದೆ.

ದೀಪಕ ನೋಡಿದ್ದರೆ ಇಷ್ಟರಲ್ಲಿ ಮಾತು ಬರುತ್ತಿತ್ತು. ಅವನು ಎಲ್ಲ ಫೋನಿನಲ್ಲೇ ನೋಡುವವ. ಆಕೆಗೆ ಓದಲು ಬರುವುದಿಲ್ಲ. ಬರುವುದಿಲ್ಲ ಎಂದರೆ, ಇನ್ನೂ ಬರುವುದಿಲ್ಲ. ದಿನಕ್ಕೆ ಐದು ಅಕ್ಷರದಂತೆ ಆಕೆ ಆ ಸಾಲಿನ ಕಡೆಗೇ ನಡೆದು ಬರುತ್ತಿದ್ದಾಳೆ.

ಅಳಿಸಲು ನೋಡಿದೆ. ಒತ್ತಿದಾಗಲೆಲ್ಲ ಆ ಮದುವೆಯ ಬ್ಯಾಂಡೇ ಬಾರಿಸುತ್ತದೆ. ಪ್ರಿಯದರ್ಶಿನಿಗೆ ಹೇಳಿದರೆ ಅಳಿಸುತ್ತಾಳೆ, ಆದರೆ ಮೊದಲು ಓದುತ್ತಾಳೆ.

ಫೆಬ್ರವರಿ ೧, ಶನಿವಾರ

ಉಪಾಯ ಸಿಕ್ಕಿದೆ. ಹೊಸದು ಹುಡುಕಿದ ಹಾಗೆ ಹಳೆಯದು ಕೆಳಗೆ ಹೋಗುತ್ತದೆ. ಮೇಲೆ ಹೊಸ ಮಣ್ಣು ಹಾಕುತ್ತ ಹೋದರಾಯಿತು.

ಏನು ಹುಡುಕುವುದು? ಹಾಡು ಹುಡುಕಿದರೆ ಹುಡುಗನಿಗೆ ಅನುಮಾನ ಬರುತ್ತದೆ. ಅಲ್ಲಿ ಆಗಲೇ ಇರುವುದನ್ನೇ ಹುಡುಕಬೇಕು. ಅದಕ್ಕೇ ಕಾಗುಣಿತ ಕೇಳಿದೆ. ಕ ಕಾ ಕಿ ಕೀ. ಮೊದಲು ಬಂದ ಪಾಠದಲ್ಲಿ ಹುಡುಗಿ ಓಡುವ ರೈಲಿನ ಹಾಗೆ ಹೇಳುತ್ತಾಳೆ, ಹೊಸಬರಿಗೆ ತಿಳಿಯುವುದಿಲ್ಲ. ಇನ್ನೊಂದು ಹುಡುಕಿದೆ. ಅದರಲ್ಲಿ ಒಬ್ಬ ಮಾಸ್ತರ ಕರಿ ಹಲಗೆಯ ಮೇಲೆ ಸಾವಕಾಶ ತಿದ್ದುತ್ತಾರೆ. ಬಳಪ ಎಲ್ಲಿ ಶುರುವಾಗಿ ಎಲ್ಲಿ ಎತ್ತಬೇಕೆಂದು ತೋರಿಸುತ್ತಾರೆ. ಅದನ್ನು ಪೂರ್ತಿ ಹಚ್ಚಿದೆ, ಅಲ್ಲಿ ಮೊದಲ ಸಾಲಿನಲ್ಲೇ ಕಾಣಲಿ ಎಂದು.

ಮಣ್ಣು ಹಾಕುವುದಕ್ಕಷ್ಟೇ. ಬೇರೇನಿಲ್ಲ.

ಫೆಬ್ರವರಿ ೫, ಬುಧವಾರ

ಒತ್ತಕ್ಷರ ಮುಗಿಯಿತು. ಮಾಸ್ತರ ವ ಕ್ಕೆ ವ ಒತ್ತು ಹೇಳಿಕೊಟ್ಟದ್ದು ನನಗೇ ಸರಿ ಬರಲಿಲ್ಲ, ಎರಡು ಸಲ ನೋಡಿದೆ. ನಾನು ಇಷ್ಟು ವರ್ಷ ನನ್ನ ಹೆಸರಿನ ಒತ್ತನ್ನು ಉಲ್ಟಾ ಕಡೆಯಿಂದ ಬರೆಯುತ್ತಿದ್ದೆ.

ರೋಹಿಣಿ ಬಾಗಿಲಲ್ಲಿ ನಿಂತು, "ಅತ್ತ್ಯಾರ, ಧಾರಾವಾಹಿ ಬಿಟ್ರೇನ್ರಿ? ನಿಮ್ಮ ಸೊಸಿ ಜೇಲಿಗೆ ಹೋದ್ಲು," ಎಂದಳು.

"ಹೋಗ್ಲಿ. ಊಟಕ್ಕ ಬರ್ತಾಳ," ಎಂದೆ.

ನಾನು ಹಚ್ಚಿದ ಪಾಠದ ಕೆಂಪು ಗೆರೆ ಮರುದಿನ ಹಿಂದಕ್ಕೆ ಸರಿದಿರುತ್ತದೆ. ಯಾರೋ ಮೊದಲಿನಿಂದ ನೋಡಿದ ಗುರುತು. ನೋಡಲಿ.

ಪಟ್ಟಿ ತೆಗೆದು ಕೆಳಗಿನವರೆಗೆ ಹುಡುಕಿದೆ. ನನ್ನ ಆ ಸಾಲು ಎಲ್ಲೂ ಇಲ್ಲ. ಹೂತುಹೋಗಿದೆ. ನನ್ನ ತಲೆಗೆ ನಾನೇ ಶಭಾಷ್ ಅಂದುಕೊಂಡೆ.

ಫೆಬ್ರವರಿ ೯, ರವಿವಾರ

ಯಾದಿ ಆಯಿತು.

ಇಂದ್ರವ್ವ ಇಳಕಲ್ಲಿನಿಂದ ಪ್ರಿಯದರ್ಶಿನಿಗೆ ಸೀರೆ ತಂದಿದ್ದಳು. ಪಡಸಾಲೆಯಲ್ಲಿ ಜಮಖಾನೆ ಹಾಸಿ ಎರಡೂ ಕಡೆಯವರು ಕುಳಿತೆವು. ಗುರಲಿಂಗಪ್ಪ ಬರೆದದ್ದನ್ನು ಗಟ್ಟಿಯಾಗಿ ಓದಿದ: ಲಗ್ನ ಬೀರಪ್ಪನ ಗುಡಿಯಲ್ಲಿ, ತಾಳಿ ಗಂಡಿನವರದು, ಊಟ ನಮ್ಮದು. ಗಂಡಿನ ಕಡೆಯ ಸಹಿಯ ಸರದಿ ಬಂತು. ಪಾಂಡಪ್ಪ ಜೇಬಿನಿಂದ ಮಸಿ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದ. ಎಲ್ಲರೂ ನೋಡುತ್ತಿದ್ದರು.

"ವೈನಿ, ಹೆಬ್ಬೆಟ್ಟ ಕೊಡ್ರಿ. ಇಲ್ಲಾಂದ್ರ ನಾನ ಸಹಿ ಹಾಕ್ತೇನಿ ತಗೋರಿ."

ಹುಚ್ಚವ್ವ ನೆಲ ನೋಡುತ್ತ ಕೂತಿದ್ದಳು. ನಾನು ಕೈ ಚಾಚಿ ಆ ಡಬ್ಬಿಯನ್ನು ಎತ್ತಿ ನನ್ನ ಹಿಂದೆ ಇಟ್ಟೆ.

"ಪಾಂಡಪ್ಪಾರ, ನಮ್ಮ ಜಮಖಾನಿ ಹೊಲಸ ಆಗ್ತೈತ್ರಿ. ಗುರ್ಯಾ, ಅವರಿಗೆ ಪೆನ್ನ ಕೊಡು."

ಹುಚ್ಚವ್ವ ಪೆನ್ನು ಹಿಡಿದಳು. ಹು ಬಂತು. ಚ್ಚ ಹಾಳೆಯ ಗೆರೆ ಬಿಟ್ಟು ಕೆಳಗಿಳಿಯಿತು. ವ್ವ ಬರೆಯುವಾಗ ಪೆನ್ನನ್ನು ಮಾಸ್ತರ ಹೇಳಿದ ಕಡೆಯಿಂದಲೇ ತಿರುಗಿಸಿದಳು. ದೀಪಕ ಬಾಯಿ ತೆರೆದು ತಾಯಿಯನ್ನು ನೋಡುತ್ತಿದ್ದ. "ಯವ್ವಾ, ಯಾವಾಗ ಕಲತಿ?" ಎಂದ. ಆಕೆ ಪೆನ್ನಿನ ಮುಚ್ಚಳ ಹಾಕಿ, ಮತ್ತೆ ತೆಗೆದು, ಮತ್ತೆ ಹಾಕಿದಳು.

ಊಟವಾದ ಮೇಲೆ ಟೀವಿಯ ಕೆಳಗೆ ನಾವಿಬ್ಬರೇ ಕೂತಿದ್ದೆವು.

"ಯಕ್ಕಾರ, ಆ ಹಲಗಿ ಮಾಸ್ತರ ಪಾಠ ಭಾಳ ಚಲೋ ಇದ್ದವ್ರಿ," ಎಂದಳು.

ನಾನು ಅಡಿಕೆ ಕತ್ತರಿಸುತ್ತಿದ್ದೆ. "ಯಾವ ಮಾಸ್ತರ?"

"ನಾ ಹಚ್ಚಿದ್ದಿಲ್ಲ. ದೀಪ್ಯಾಗ ಗೊತ್ತಿಲ್ಲ. ಮತ್ಯಾರ್ರಿ ನನಗ ಹಚ್ಚಿ ಇಡೋರು?" ಆಕೆ ನಕ್ಕಳು. ಆಮೇಲೆ ಸಣ್ಣ ದನಿಯಲ್ಲಿ, "ನಾ ಟೀವ್ಯಾಗ ಮೊದಲನೇದು ಕೂಡಿಸಿ ಕೂಡಿಸಿ ಓದಿದ್ದು ಒಂದು ಸಾಲ ಐತ್ರಿ. ಮಗನ ಹೆಸರ ಇತ್ತು ನೋಡ್ರಿ ಅದರಾಗ, ಅದಕ್ಕ ಆಸೆ ಆತು. ಆರ ದಿನ ಹಿಡೀತು."

ಅಡಕತ್ತರಿ ನಿಂತಿತು. ಟೀವಿಯ ಕಪ್ಪಿನಲ್ಲಿ ನಮ್ಮಿಬ್ಬರ ಮುಖಗಳೂ ಕಾಣುತ್ತಿದ್ದವು. ನನ್ನದನ್ನು ನಾನು ನೋಡಲಿಲ್ಲ.

"ಹೊಸಾ ಓದಲ್ರಿ ನನ್ನದು," ಎಂದಳು ಹುಚ್ಚವ್ವ. "ತಪ್ಪ ಓದಿರಬೇಕು ಅಂದ್ಕೊಂಡೆ. ಆ ಸಾಲಿನ ಮ್ಯಾಲೆ ಬಂದು ರಿಮೋಟಿನ ಗುಂಡಿ ಒತ್ತಿ ಹಿಡಿದ್ನಿ, 'ಅಳಿಸಿ' ಅಂತ ಬಂತು. ಅದನ್ನೂ ಓದೀದ್ನಿ. ದೀಪ್ಯಾ ನೋಡೂದ್ರಾಗ ಅಳಸಿಬಿಟ್ನಿ."

ಎಪ್ಪತ್ತೊಂದು ವರ್ಷದಲ್ಲಿ ನಾನು ತಲೆ ತಗ್ಗಿಸಿದ್ದು ಎರಡು ಸಲ. ಮೊದಲನೆಯದು ಇಂದ್ರವ್ವನ ಅಂಗಳದಲ್ಲಿ.

"ತಪ್ಪ ಓದಿಲ್ರಿ ನೀವು," ಎಂದೆ ಕೊನೆಗೆ. "ಓದಿದ್ದು ಬರೋಬರಿ ಐತಿ. ಕೇಳಿದಾಕಿದು ತಪ್ಪು."

ಆಕೆ ನನ್ನ ಕೈಯಿಂದ ಅಡಕತ್ತರಿ ತೆಗೆದುಕೊಂಡು ಉಳಿದ ಅಡಿಕೆ ಕತ್ತರಿಸಿದಳು. ಹೋಳು ದಪ್ಪ ಮಾಡುತ್ತಾಳೆ.

ಫೆಬ್ರವರಿ ೧೧, ಮಂಗಳವಾರ

ಪ್ರಿಯದರ್ಶಿನಿ ರಿಮೋಟು ಹಿಡಿದು ಬಂದಳು. "ಆಯಿ, ಇನ್ನರ ನಮ್ಮ ಹೆಸರ ಹಾಕ್ಕೊಳ್ಳೂಣೇನು?"

ಬೇಡ ಎಂದೆ. ಲಗ್ನಕ್ಕೆ ಇನ್ನೂ ಎರಡು ತಿಂಗಳಿದೆ. ಅಲ್ಲಿಯವರೆಗೆ ಆ ಮನೆಯ ಮೇಲೆ ಒಂದು ಕಣ್ಣು ಇರಬೇಕು.

ಇದ್ದದ್ದು ಒಳ್ಳೆಯದೇ ಆಯಿತು. ಮಧ್ಯಾಹ್ನ ಪಟ್ಟಿ ತೆಗೆದರೆ ಎಲ್ಲಕ್ಕಿಂತ ಮೇಲೆ ಹೊಸ ಸಾಲು ಬಂದು ಕೂತಿದೆ: ಶಾರವ್ವ ಅಂತ ಬರೆಯುವುದು ಹೇಗೆ.

ನನ್ನ ಹೆಸರು ತೆಗೆದುಕೊಂಡು ಆಕೆಗೆ ಏನಾಗಬೇಕಾಗಿದೆ? ಏನು ಬರೆಯುತ್ತಾಳೆ, ಯಾರಿಗೆ ಬರೆಯುತ್ತಾಳೆ? ನನಗಂತೂ ಅನುಮಾನವೇ. ಶ ಬರೆಯುವುದು ಸುಲಭವಲ್ಲ, ತಪ್ಪಿ ಹೊಟ್ಟೆ ಸೀಳಿದ ಷ ಬರೆದರೆ ಬೇರೆಯದೇ ಆಗಿ ಕೂಡುತ್ತದೆ. ಮಾಸ್ತರ ಆ ಪಾಠ ಹುಡುಕಿ ಹಚ್ಚಿದ್ದೇನೆ. ಅದು ನಡುವೆ ನಿಂತು, ಇನ್ನೂ ನೋಡುತ್ತಿದ್ದೀರಾ ಎಂದು ಕೇಳಿತು.

ಹೌದು ಎಂದು ಒತ್ತಿದೆ.